ಪದ್ಮಿನಿ ಕೊಳ್ಳುವಾಗ ಮೊದಲು ತಗಡು ನೋಡಿ

ಬಸವನಗುಡಿಯ ಒಂದು ಮನೆಯ ಶೆಡ್ಡಿನಲ್ಲಿ ನಿಂತಿದ್ದ 1982ರ ಪ್ರೀಮಿಯರ್ ಪದ್ಮಿನಿ ಕಾರು ನೋಡೋಕೆ ಹೋದಾಗ ನಾನು ಬಾನೆಟ್ ತೆಗೆಸಲಿಲ್ಲ. ಟಾರ್ಚ್ ಹಿಡಿದು ಮೊದಲು ಕಾರಿನ ಕೆಳಗೆ ಮಲಗಿದೆ.

ಪದ್ಮಿನಿಗೆ ಪ್ರತ್ಯೇಕ ಚಾಸಿ, ಅಂದರೆ ಬಾಡಿಯನ್ನು ಹೊರುವ ಚೌಕಟ್ಟು ಇಲ್ಲ. ಬಾಡಿಯೇ ಎಲ್ಲ ಭಾರ ಹೊರುತ್ತದೆ. ಹಾಗಾಗಿ ಬಾಗಿಲ ಕೆಳಗಿನ ಸಿಲ್, ಫ್ಲೋರ್, ಜಾಕ್ ಕೊಡುವ ಜಾಗ, ಡಿಕ್ಕಿಯ ತಳ, ಇಷ್ಟನ್ನೂ ತುಕ್ಕು ತಿಂದಿದ್ದರೆ ಆ ಕಾರು ಅಗ್ಗಕ್ಕೆ ಸಿಕ್ಕರೂ ಬೇಡ. ಕಾರ್ಪೆಟ್ ಎತ್ತಿ ನೋಡಿದೆ. ತೆಳು ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಬಾಡಿ ಮೇಲೆ ಸರಿಸಿದೆ. ಅದು ಹಿಡಿಯದ ಕಡೆ ಪೇಂಟಿನ ಕೆಳಗೆ ದಪ್ಪಗೆ ಪುಟ್ಟಿ ಮೆತ್ತಿರುತ್ತಾರೆ. ಈ ಕಾರಿನಲ್ಲಿ ಎಡಗಡೆ ಸಿಲ್ ಮಾತ್ರ ಹೋಗಿತ್ತು. ಕೊಳ್ಳುವ ಮಾತು ಮುಗಿಸಿದೆ.

1089 ಸಿಸಿ ಎಂಜಿನ್‌ಗೆ ಅಷ್ಟು ಹೆದರಬೇಕಿಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ) ಕಡಿಮೆ ಇದ್ದ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆದೆ. ಏರಿತು, ಅಂದರೆ ಸವೆದದ್ದು ಪಿಸ್ಟನ್ ರಿಂಗ್. ಏರದಿದ್ದರೆ ವಾಲ್ವ್ ಕಡೆ ನೋಡಬೇಕಿತ್ತು. ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಓಡಾಡುವ ತಾಳ್ಮೆ ಇದ್ದರೆ ಬಿಡಿಭಾಗ ಸಿಗುತ್ತವೆ. ಹಳೇದನ್ನು ಕೈಯಲ್ಲೇ ಹಿಡಿದು ಹೋಗಿ, ಅಳತೆ ಹೊಂದಿಸಿ ತರಬೇಕು.

ದುಡ್ಡು ಕೊಡುವ ಮುಂಚೆ ಎಂಜಿನ್ ನಂಬರ್, ಬಾಡಿ ಮೇಲಿರುವ ಚಾಸಿ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿದೆ. 15 ವರ್ಷದ ಮೇಲೆ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು. ವಿಂಟೇಜ್ ನೋಂದಣಿಯ 2021ರ ನಿಯಮಕ್ಕೆ ಕಾರಿಗೆ 50 ವರ್ಷ ದಾಟಿರಬೇಕು, ಆಮೇಲೆ ದಿನಾ ಓಡಿಸುವ ಹಾಗೂ ಇಲ್ಲ. ನನಗೆ ಬೇಕಿದ್ದದ್ದು ಓಡುವ ಕಾರು. ಮಾಮೂಲಿ ಆರ್‌ಸಿಯೇ ಸರಿ.

ಕೆಲಸ ಶುರು ಮಾಡಿದ್ದು ಬ್ರೇಕಿನಿಂದ. ತುಂಬ ದಿನ ನಿಂತ ಕಾರಿನಲ್ಲಿ, ಚಕ್ರದ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರ್ ಒಳಗೇ ತುಕ್ಕು ಹಿಡಿದಿರುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೇ. ಆಮೇಲೆ ರೇಡಿಯೇಟರ್, ವೈರಿಂಗ್. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿದೆ. ಈಗಿನ ಇ20 (20% ಎಥನಾಲ್ ಬೆರೆತ) ಪೆಟ್ರೋಲಿಗೆ ಹಳೇ ರಬ್ಬರ್ ಮೆತ್ತಗಾಗಿ ಬಿರುಕು ಬಿಡುತ್ತದೆ. ಬಿಸಿ ಎಂಜಿನ್ ಪಕ್ಕ ಪೆಟ್ರೋಲ್ ಸೋರಿದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ ಅಲ್ವಾ?

ಟಿಂಕರಿಂಗ್‌ನಲ್ಲಿ, ಅಂದರೆ ಬಾಡಿಯ ತಗಡಿನ ಕೆಲಸದಲ್ಲಿ, ನಾನು ಹಟ ಹಿಡಿದದ್ದು ಒಂದೇ ವಿಷಯಕ್ಕೆ. ತುಕ್ಕಿನ ಮೇಲೆ ತೇಪೆ ಬೇಡ, ಕೊಳೆತ ತಗಡು ಪೂರ್ತಿ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ಖರ್ಚು ಜಾಸ್ತಿ, ಆದರೆ ತೇಪೆಯ ಕೆಳಗೆ ತುಕ್ಕು ಸುಮ್ನೆ ಇರುವುದಿಲ್ಲ. ಪೇಂಟ್ ಕೊನೆಗೆ, ಅದೂ ಮಳೆಗಾಲ ಮುಗಿದ ಮೇಲೆ.

ಈಗ ನೋಡಿಕೊಳ್ಳುವುದು ಸುಲಭ. ಮುಂದಿನ ಸಸ್ಪೆನ್ಷನ್‌ನ ಕಿಂಗ್‌ಪಿನ್‌ಗೆ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ) ತಪ್ಪದೆ ಗ್ರೀಸ್. ಮಳೆಗೆ ಮುಂಚೆ ಬಾಗಿಲ ತಳದ ನೀರು ಹೋಗುವ ತೂತುಗಳನ್ನು ತಂತಿಯಿಂದ ಬಿಡಿಸುತ್ತೇನೆ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪ್ ಬಿಸಿಯಾಗಿ ಎಂಜಿನ್ ನಿಂತರೆ, ಆ ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕಾಯುತ್ತೇನೆ. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡುವುದಿಲ್ಲ, ಹಾಗೆ ಮಾಡಿದರೆ ಸೈಲೆನ್ಸರಿನಲ್ಲಿ ನೀರು ಉಳಿದು ತುಕ್ಕು ಹಿಡಿಯುತ್ತದೆ. ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾಗುವ ತನಕ ಓಡಿಸಿಯೇ ಮನೆಗೆ ತರುತ್ತೇನೆ.