ಎಲ್ಲಿಗೆ ಯಾವ ಬೋರ್ಡು: ಒಳಾಂಗಣದ ಮರಗೆಲಸದಲ್ಲಿ ನನ್ನ ಅನುಭವ

ಕಪಾಟಿಗೋ ಅಡುಗೆಮನೆಗೋ ಬೋರ್ಡು ಆರಿಸುವಾಗ ಕಂಪನಿ, ಬಣ್ಣ ಎಲ್ಲ ಆಮೇಲಿನ ಮಾತು. ಆ ಹಲಗೆಗೆ ನೀರು ತಾಗುತ್ತದೆಯೇ, ಅದರಲ್ಲಿ ಕೂರುವ ಸ್ಕ್ರೂ ಎಷ್ಟು ಭಾರ ಹೊರಬೇಕು, ಎಷ್ಟು ಉದ್ದಕ್ಕೆ ಅದು ಆಧಾರವಿಲ್ಲದೆ ನಿಲ್ಲಬೇಕು ಎಂದು ನಾನು ಮೊದಲು ಬರೆದುಕೊಳ್ಳುತ್ತೇನೆ. ಇಡೀ ಮನೆಗೆ ಒಂದೇ ಬಗೆಯ ಬೋರ್ಡು ಹಾಕಿಸಿದರೆ ಒಣ ಕೋಣೆಯ ಕಪಾಟಿನಲ್ಲಿ ಬೇಡದ ಗಟ್ಟಿತನಕ್ಕೆ ದುಡ್ಡು ಹೋಗುತ್ತದೆ, ಸಿಂಕಿನ ಕೆಳಗೆ ಬೇಕಾದದ್ದು ಸಿಗುವುದಿಲ್ಲ. ಇನ್ನೊಂದು ವಿಷಯ: ಲ್ಯಾಮಿನೇಟ್ ಹೊದ್ದ ಬೋರ್ಡು ಮುಖದ ಕಡೆಯಿಂದ ಕೆಡುವುದು ಅಪರೂಪ. ಕೊಯ್ದ ಅಂಚು, ಸ್ಕ್ರೂ ತೂತು, ಪೈಪಿಗೆ ಕತ್ತರಿಸಿದ ಕಿಂಡಿ, ಇವೇ ನೀರು ಒಳಹೋಗುವ ದಾರಿಗಳು. ಮುಂದೆ ಬರೆಯುವುದನ್ನೆಲ್ಲ ಇದನ್ನು ನೆನಪಿಟ್ಟುಕೊಂಡು ಓದಿ.

ಪ್ಲೈವುಡ್‌ನಲ್ಲಿ ಮರದ ತೆಳು ಪದರಗಳನ್ನು ಒಂದರ ಎಳೆ ಉದ್ದಕ್ಕೆ, ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಅಂಟಿಸಿರುತ್ತಾರೆ. ಎರಡೂ ಮುಖದ ಎಳೆ ಒಂದೇ ದಿಕ್ಕಿಗೆ ಇರಲೆಂದು ಪದರಗಳ ಸಂಖ್ಯೆ ಬೆಸವಾಗಿರುತ್ತದೆ. ದರ್ಜೆಗಳ ನಡುವಿನ ದೊಡ್ಡ ವ್ಯತ್ಯಾಸ ಅಂಟಿನದು. ಎಂಆರ್ (ತೇವ ತಡೆಯುವ) ದರ್ಜೆಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಗಾಳಿಯ ತೇವವನ್ನು ತಡೆಯುತ್ತದೆ, ನಿಂತ ನೀರನ್ನು ತಡೆಯುವುದಿಲ್ಲ. ಬಿಡಬ್ಲ್ಯುಪಿ (ಕುದಿಯುವ ನೀರನ್ನೂ ತಾಳುವ) ಅಥವಾ ಮರೀನ್ ದರ್ಜೆಗೆ ಫೀನಾಲ್ ಫಾರ್ಮಾಲ್ಡಿಹೈಡ್. ಮರೀನ್ ಪ್ಲೈಯ ಭಾರತೀಯ ಮಾನಕವಾದ ಐಎಸ್ 710ರ ಗುರುತಿರುವ ಪ್ಲೈ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬುದು ಅದರ ಪರೀಕ್ಷೆ. ಗುರುತಿನ ಮೇಲೆ ಪೂರ್ತಿ ಭರವಸೆ ಇಡದೆ ನಾನು ಲಾಟ್‌ನಿಂದ ಮೂರು ಇಂಚಿನ ತುಂಡೊಂದನ್ನು ಕೊಯ್ದು 8 ಗಂಟೆ ಕುದಿಸುತ್ತೇನೆ. ತಣ್ಣಗಾದ ಮೇಲೆ ಪದರಗಳ ನಡುವೆ ಉಳಿ ಹಾಕಿ ಎಬ್ಬಿಸಬೇಕು. ಮರದ ಎಳೆಯೇ ಹರಿದು ಎರಡೂ ಕಡೆ ನಾರು ಉಳಿದರೆ ಅಂಟು ಸರಿಯಿದೆ. ಪದರ ನುಣ್ಣಗೆ, ಹಾಳೆ ಎತ್ತಿದಂತೆ ಎದ್ದು ಬಂದರೆ ಆ ಲಾಟು ಅಡುಗೆಮನೆಗೆ ಬೇಡ. ಅಂಟಿನ ಗೆರೆ ಕಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಬೇಡಿ. ಅಂಟಿಗೆ ಬಣ್ಣ ಬೆರೆಸುವುದು ಕಷ್ಟವಲ್ಲ.

ಶೀಟು ತೆಗೆದುಕೊಳ್ಳುವಾಗ ನಾಲ್ಕೂ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಒಳಪದರಗಳ ನಡುವೆ ಸಂದು ಕಂಡರೆ ಆ ಜಾಗದಲ್ಲಿ ಸ್ಕ್ರೂ ಹಿಡಿಯುವುದಿಲ್ಲ. ಪದರದ ಮೇಲೆ ಪದರ ಏರಿದ್ದರೆ ಲ್ಯಾಮಿನೇಟ್ ಹಾಕಿದ ಮೇಲೆ ಉಬ್ಬಾಗಿ ಕಾಣುತ್ತದೆ. ಗೆಣ್ಣಿನಿಂದ ತಟ್ಟುತ್ತಾ ಹೋದರೆ ಪೊಳ್ಳಿರುವಲ್ಲಿ ಸದ್ದು ಬದಲಾಗುತ್ತದೆ. ವರ್ನಿಯರ್‌ನಿಂದ (ದಪ್ಪವನ್ನು ಸೂಕ್ಷ್ಮವಾಗಿ ಅಳೆಯುವ ಉಪಕರಣ) ಆರೇಳು ಕಡೆ ದಪ್ಪ ಅಳೆಯಿರಿ. 18 ಮಿ.ಮೀ. ಎಂದು ಕೊಟ್ಟದ್ದು ಒಂದು ಮೂಲೆಯಲ್ಲಿ 17 ಇದ್ದರೆ ಜೋಡಣೆಯ ಮುಖಗಳು ಸಮ ಕೂರುವುದಿಲ್ಲ, ಬಡಗಿ ಉಜ್ಜಿ ಉಜ್ಜಿ ಸರಿಮಾಡಬೇಕಾಗುತ್ತದೆ.

ಬ್ಲಾಕ್‌ಬೋರ್ಡ್ ನಾನು ಬಳಸುವುದು ಎತ್ತರದ ಬಾಗಿಲುಗಳಿಗೆ ಮಾತ್ರ. ಒಳಗೆ ಮರದ ಪಟ್ಟಿಗಳು, ಹೊರಗೆ ಪದರಗಳು. ಹಗುರ, ಉದ್ದಕ್ಕೆ ಬಾಗುವುದು ಕಡಿಮೆ. ಆದರೆ ಪಟ್ಟಿಗಳು ಬಾಗಿಲಿನ ಎತ್ತರದ ದಿಕ್ಕಿಗೆ ಬರುವಂತೆ ಕೊಯ್ಯಬೇಕು. ಶೀಟು ಉಳಿಸಲು ಅಡ್ಡ ಕೊಯ್ದರೆ ಬ್ಲಾಕ್‌ಬೋರ್ಡ್ ತಂದ ಉದ್ದೇಶವೇ ಹಾಳು. ಪಟ್ಟಿಗಳ ನಡುವಿನ ಸಂದಿನಲ್ಲಿ ಹಿಂಜ್ ಸ್ಕ್ರೂ ಬಿದ್ದರೆ ಹಿಡಿತವಿಲ್ಲ, ಹಾಗಾಗಿ ಹಿಂಜ್ ಬರುವ ಉದ್ದಂಚಿನಲ್ಲಿ ಗಟ್ಟಿ ಮರದ ಪಟ್ಟಿ ಕೂರಿಸಿಯೇ ಮುಂದೆ ಹೋಗುತ್ತೇನೆ.

ತೂಕದ ಲೆಕ್ಕ ಇಲ್ಲಿ ಮುಖ್ಯ. 2100 × 450 ಮಿ.ಮೀ. ಅಳತೆಯ, 18 ಮಿ.ಮೀ. ದಪ್ಪದ ಬಾಗಿಲನ್ನು ಘನ ಮೀಟರಿಗೆ 850 ಕೆ.ಜಿ. ಸಾಂದ್ರತೆಯ ಎಚ್‌ಡಿಎಚ್‌ಎಂಆರ್‌ನಲ್ಲಿ (ತೇವ ತಡೆಯುವ, ಹೆಚ್ಚು ಒತ್ತಿದ ನಾರಿನ ಬೋರ್ಡು) ಮಾಡಿದರೆ ಲ್ಯಾಮಿನೇಟ್ ಬಿಟ್ಟೇ ಹದಿನಾಲ್ಕೂವರೆ ಕೆ.ಜಿ. ಆಗುತ್ತದೆ. 500ರ ಸಾಂದ್ರತೆಯ ಬ್ಲಾಕ್‌ಬೋರ್ಡ್‌ನಲ್ಲಿ ಎಂಟೂವರೆ. ಹಿಂಜ್‌ಗಳನ್ನು ನಾನು ಎತ್ತರಕ್ಕೆ ತಕ್ಕಂತೆ ಎಣಿಸುತ್ತೇನೆ: 900 ಮಿ.ಮೀ. ತನಕ 2, 1600ರ ತನಕ 3, 2000ದ ತನಕ 4, ಅದರ ಮೇಲೆ 5. ಬಾಗಿಲು ಭಾರವಿದ್ದರೆ ಇನ್ನೊಂದು ಸೇರಿಸುತ್ತೇನೆ.

ಎಂಡಿಎಫ್ ಮರದ ನಾರನ್ನು ಅಂಟಿನೊಂದಿಗೆ ಒತ್ತಿದ್ದು. ಎಳೆಯಿಲ್ಲ, ಗಂಟಿಲ್ಲ. ಹಾಗಾಗಿ ಪೇಂಟ್ ಮಾಡುವ ಬಾಗಿಲು, ರೌಟರ್‌ನಿಂದ ಕೆತ್ತುವ ವಿನ್ಯಾಸ, ಜಾಲಿ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಅದರ ಎರಡೂ ಮುಖ ಗಟ್ಟಿ, ನಡುಭಾಗ ಸಡಿಲ. ಕೆತ್ತಿದಾಗ ಆ ಸಡಿಲ ಭಾಗ ಹೊರಬಂದು ಪೇಂಟನ್ನು ಕುಡಿಯುತ್ತದೆ. ಮುಖ ಹೊಳೆಯುತ್ತದೆ, ಕೆತ್ತನೆಯ ಒಳಗೆ ಮಂಕಾಗಿ ಒರಟಾಗಿ ಉಳಿಯುತ್ತದೆ. ಅದಕ್ಕೆ ಅಂಚು ಮತ್ತು ಕೆತ್ತನೆಯನ್ನು 180, ಆಮೇಲೆ 240ರ ಉಪ್ಪುಕಾಗದದಿಂದ ಉಜ್ಜಿ, ತೆಳು ಮಾಡಿದ ಪಿಯು (ಪಾಲಿಯುರೆಥೇನ್) ಸೀಲರ್ ಒಂದು ಕೋಟ್ ಕುಡಿಸಿ, ಒಣಗಿದ ಮೇಲೆ 320ರಲ್ಲಿ ಉಜ್ಜಿ, ಅದೇ ಸೀಲರ್ ಇನ್ನೊಂದು ಕೋಟ್ ಕೊಟ್ಟ ನಂತರವೇ ಪ್ರೈಮರ್. ಮೊದಲ ಕೋಟನ್ನೇ ನೀರಿನ ಪ್ರೈಮರ್‌ನಿಂದ ಶುರು ಮಾಡಿದರೆ ನಾರು ಎದ್ದು ನಿಲ್ಲುತ್ತದೆ. ಎಂಡಿಎಫ್ ಧೂಳು ತೀರಾ ನುಣುಪು. ಎನ್95 ಮಾಸ್ಕ್ ಇಲ್ಲದೆ ಕೊಯ್ಯುವುದಾಗಲಿ ಉಜ್ಜುವುದಾಗಲಿ ಬೇಡ.

ಮರದ ಚೂರುಗಳನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಬಗ್ಗೆ ಕೆಟ್ಟ ಮಾತೇ ಹೆಚ್ಚು ಕೇಳಿಬರುತ್ತದೆ. ಒಣ ಕೋಣೆಯಲ್ಲಿ, ನಾಲ್ಕೂ ಅಂಚಿಗೆ ಬ್ಯಾಂಡ್ (ಅಂಚು ಮುಚ್ಚುವ ತೆಳು ಪಟ್ಟಿ) ಹಾಕಿ, ಸರಿಯಾದ ಸ್ಕ್ರೂ ಬಳಸಿದರೆ ಬಟ್ಟೆ ಕಪಾಟಿನ ಬಾಕ್ಸ್‌ಗೆ ಅದು ಸಾಕು. ಒಮ್ಮೆ ಬಿಚ್ಚಿ ಮತ್ತೆ ಅದೇ ತೂತಿಗೆ ಸ್ಕ್ರೂ ಹಾಕಿದಾಗ ಹಿಡಿತ ಹೋಗುತ್ತದೆ, ಆದ್ದರಿಂದ ಆಗಾಗ ಮನೆ ಬದಲಿಸುವವರಿಗೆ ಬೇಡ ಅನ್ನುತ್ತೇನೆ.

ನೀರಿನ ವಿಷಯದಲ್ಲಿ ಎಂಡಿಎಫ್ ಒಳಗಿನ ಹಸಿರು ಬಣ್ಣ ನೋಡಿ ತೃಪ್ತರಾಗಬೇಡಿ. ಹಸಿರು ಬರೀ ಗುರುತು, ರಕ್ಷಣೆ ಕೊಡುವುದು ಅಂಟು. ಪರೀಕ್ಷೆ ಸುಲಭ: ಎರಡು ಇಂಚಿನ ಚೌಕ ತುಂಡು, ನಡುವೆ ಪೆನ್ಸಿಲ್ ಗುರುತು, ವರ್ನಿಯರ್‌ನಲ್ಲಿ ಆ ಜಾಗದ ದಪ್ಪ. 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟು ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. 18 ಇದ್ದದ್ದು 19.4 ಆದರೆ ಉಬ್ಬು ಸುಮಾರು ಶೇ 8. ಅಡುಗೆಮನೆಗೆ ನಾನು ಒಪ್ಪುವುದು ಅಲ್ಲಿಯ ತನಕ ಮಾತ್ರ. ತುಂಡು ಒಣಗಿದ ಮೇಲೂ ಅಳೆಯಿರಿ. ಎಂಡಿಎಫ್, ಪಾರ್ಟಿಕಲ್ ಬೋರ್ಡ್ ಎರಡೂ ಮೊದಲಿನ ದಪ್ಪಕ್ಕೆ ಪೂರ್ತಿ ಮರಳುವುದಿಲ್ಲ, ಏಕೆಂದರೆ ಕಾರ್ಖಾನೆಯಲ್ಲಿ ಒತ್ತಿ ಚಪ್ಪಟೆ ಮಾಡಿದ ನಾರು ನೀರು ಕುಡಿದು ಬಿಚ್ಚಿಕೊಂಡಿರುತ್ತದೆ.

ಸಿಂಕಿನ ಕೆಳಗಿನ ಬಾಕ್ಸ್‌ಗೆ ನನ್ನ ಆಯ್ಕೆ ಮರೀನ್ ಪ್ಲೈ. ಪೈಪಿನ ಕಿಂಡಿಯನ್ನು ಕೊರೆದ ತಕ್ಷಣ ಕೊಯ್ದ ಮುಖಕ್ಕೆ ಸಿಲಿಕೋನ್ ತೀಡಿ, ಪೈಪ್ ಕೂರಿಸಿದ ಮೇಲೆ ಸುತ್ತ ಮತ್ತೊಮ್ಮೆ ತುಂಬುತ್ತೇನೆ. ಬಾಕ್ಸ್ ನೆಲಕ್ಕೆ ತಾಗಕೂಡದು, 100 ಮಿ.ಮೀ. ಎತ್ತರದ ಪಿವಿಸಿ ಕಾಲುಗಳ ಮೇಲೆ ನಿಲ್ಲಿಸಿ, ಕಾಲುಗಳನ್ನು ಮರೆಮಾಡುವ ಮುಂದಿನ ಸ್ಕರ್ಟಿಂಗ್ ಹಲಗೆಯನ್ನು ಮಾತ್ರ ಕ್ಲಿಪ್‌ನಲ್ಲಿ ಸಿಕ್ಕಿಸಬೇಕು. ನೆಲ ಒರೆಸುವ ನೀರು ದಿನವೂ ಅಂಚಿಗೆ ತಾಗಿದರೆ ಮರೀನ್ ಪ್ಲೈ ಕೂಡ ಹೆಚ್ಚು ಬಾಳುವುದಿಲ್ಲ. ಇದೇ ಜಾಗಕ್ಕೆ ಪಿವಿಸಿ ಅಥವಾ ಡಬ್ಲ್ಯುಪಿಸಿ (ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್) ಬೋರ್ಡೂ ಆಗುತ್ತದೆ, ನೀರಿಗೆ ಅದು ಜಗ್ಗುವುದಿಲ್ಲ. ಆದರೆ ಬಿಸಿಗೆ ಮೆತ್ತಗಾಗುತ್ತದೆ, ಒಲೆ ಮತ್ತು ಓವನ್ ಪಕ್ಕ ಬೇಡ. ಹಗುರ ಸಾಂದ್ರತೆಯದು ಸ್ಕ್ರೂ ಹಿಡಿಯುವುದಿಲ್ಲ. ಇದಕ್ಕೆ ಲ್ಯಾಮಿನೇಟ್ ಅಂಟಿಸಲು ಮಾಮೂಲಿ ಬಿಳಿ ಅಂಟು ಬಳಸಬೇಡಿ. ಬಿಳಿ ಅಂಟು ಒಣಗಬೇಕಾದರೆ ಅದರ ನೀರನ್ನು ಬೋರ್ಡು ಹೀರಬೇಕು, ಪಿವಿಸಿ ಹೀರುವುದಿಲ್ಲ. ರಬ್ಬರ್ ಅಂಟನ್ನು ಎರಡೂ ಮುಖಕ್ಕೆ ಹಚ್ಚಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು.

ಶೆಲ್ಫ್ ಬಾಗುವುದರ ಲೆಕ್ಕವನ್ನು ತುಂಬಾ ಮಂದಿ ಕಡೆಗಣಿಸುತ್ತಾರೆ. ಹಲಗೆಯ ಉದ್ದಕ್ಕೂ ಒಂದೇ ಸಮ ಭಾರವಿದ್ದರೆ ಬಾಗು ಉದ್ದದ ನಾಲ್ಕನೆಯ ಘಾತಕ್ಕೆ ಹೆಚ್ಚುತ್ತದೆ. 18 ಮಿ.ಮೀ. ಎಂಡಿಎಫ್, 300 ಮಿ.ಮೀ. ಅಗಲ, ಮೀಟರಿಗೆ 30 ಕೆ.ಜಿ. ಪುಸ್ತಕ ಎಂದಿಟ್ಟುಕೊಳ್ಳಿ. 600 ಮಿ.ಮೀ. ಅಂತರಕ್ಕೆ ಬಾಗು ಒಂದೂಕಾಲು ಮಿ.ಮೀ.; 900ಕ್ಕೆ ಸುಮಾರು 6. ಇದು ಇಟ್ಟ ದಿನದ ಲೆಕ್ಕ, ಭಾರ ಅಲ್ಲೇ ಇದ್ದರೆ ಕಾಲಕ್ರಮದಲ್ಲಿ ಇನ್ನಷ್ಟು ಇಳಿಯುತ್ತದೆ. ದಪ್ಪವನ್ನು 25ಕ್ಕೆ ಏರಿಸಿದರೆ ಗಟ್ಟಿತನ ಎರಡೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಅದಕ್ಕಿಂತ ಸುಲಭದ ದಾರಿ ಮುಂದಂಚಿನ ಕೆಳಗೆ 40 ಮಿ.ಮೀ. ಎತ್ತರದ ಪಟ್ಟಿ ಅಂಟಿಸಿ ಸ್ಕ್ರೂ ಮಾಡುವುದು, ಹಿಂದಂಚನ್ನು ಬೆನ್ನುಹಲಗೆಗೆ ಹಿಡಿಸುವುದು. ಪ್ಲೈವುಡ್ ಶೆಲ್ಫ್ ಆದರೆ ಮುಖದ ಎಳೆ ಉದ್ದಕ್ಕೆ ಬರಲಿ.

ಸ್ಕ್ರೂ ವಿಷಯ. ಎಂಡಿಎಫ್ ಅಂಚಿಗೆ ಪೈಲಟ್ ತೂತು (ಮೊದಲೇ ಕೊರೆದ ಸಣ್ಣ ತೂತು) ಇಲ್ಲದೆ ಸ್ಕ್ರೂ ಹೊಡೆದರೆ ಹಲಗೆ ಎರಡಾಗಿ ಸೀಳುತ್ತದೆ. 4 ಮಿ.ಮೀ. ಸ್ಕ್ರೂಗೆ 3 ಮಿ.ಮೀ. ಬಿಟ್, ಸ್ಕ್ರೂಗಿಂತ ಸ್ವಲ್ಪ ಆಳ, ಮೂಲೆಯಿಂದ 70 ಮಿ.ಮೀ. ದೂರ. ಪಾರ್ಟಿಕಲ್ ಬೋರ್ಡ್ ಬಾಕ್ಸ್‌ಗೆ ದಪ್ಪ ಸುರುಳಿಯ 7 × 50ರ ಕನ್ಫರ್ಮ್ಯಾಟ್ ಸ್ಕ್ರೂ: ಹೊರ ಹಲಗೆಗೆ 7 ಮಿ.ಮೀ. ತೂತು, ಅಂಚಿನ ಒಳಗೆ 5. ಬಾಗಿಲಿನ ಒಳಗೆ ಕೂರುವ ಹಿಂಜ್‌ನ ದುಂಡು ಭಾಗಕ್ಕೆ, ಅಂದರೆ ಕಪ್‌ಗೆ, 35 ಮಿ.ಮೀ. ಬಿಟ್, ಅಂಚಿನಿಂದ ನಡುವಿಗೆ 22.5 ಮಿ.ಮೀ., ಆಳ 12.5. ಬಿಟ್‌ನ ಮೊನೆ ಇದಕ್ಕಿಂತಲೂ ಒಳಗೆ ಹೋಗಿರುತ್ತದೆ ಎಂಬುದು ನೆನಪಿರಲಿ, ಇನ್ನೂ ಆಳಕ್ಕೆ ಒತ್ತಿದರೆ ಮುಂಭಾಗದ ಲ್ಯಾಮಿನೇಟ್ ಮೇಲೆ ಮೊಡವೆಯಂತೆ ಎದ್ದು ಕಾಣುತ್ತದೆ.

ಬಾಗಿಲು ಬಾಗಿದಾಗ ಬೋರ್ಡನ್ನು ದೂರುವ ಮುನ್ನ ಎರಡೂ ಮುಖ ನೋಡಿ. ಹೊರಗೆ 1 ಮಿ.ಮೀ. ಲ್ಯಾಮಿನೇಟ್, ಒಳಗೆ ಬರೀ ಪೇಂಟ್ ಇದ್ದರೆ ಒಂದು ಮುಖ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ, ಬಾಗಲೇಬೇಕು. ಒಳಗೂ ಹತ್ತಿರದ ದಪ್ಪದ ಲೈನರ್ (ಒಳಮುಖದ ಲ್ಯಾಮಿನೇಟ್), ಉದಾಹರಣೆಗೆ 0.8 ಮಿ.ಮೀ.ನದು, ಇರಲೇಬೇಕು. ಶೀಟುಗಳನ್ನು ಕೆಲಸದ ಕೋಣೆಯಲ್ಲೇ ಎರಡು ದಿನ ಮಲಗಿಸಿಡಿ, ಕೆಳಗೆ ಎರಡಡಿಗೊಂದು ಆಧಾರ ಕೊಟ್ಟು. ಗೋಡೆಗೆ ಒರಗಿಸಿಟ್ಟ ಬೋರ್ಡು ಅಲ್ಲೇ ಬಾಗಲು ಶುರುವಾಗುತ್ತದೆ.

ಬೋರ್ಡಿನ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡ್ ಅನಿಲ ಮಿತಿಯಲ್ಲಿದೆ ಎನ್ನುವ ಇ1 ಗುರುತು ಕೇಳಿ ಪಡೆಯಿರಿ. ಪರೀಕ್ಷಾ ಪೆಟ್ಟಿಗೆಯ ಗಾಳಿಯಲ್ಲಿ ಘನ ಮೀಟರಿಗೆ 0.124 ಮಿ.ಗ್ರಾಂ. ಅದರ ಮಿತಿ. ಬೋರ್ಡಿನ ವಾಸನೆ ಹೆಚ್ಚಾಗಿ ಹೊರಬೀಳುವುದು ಮುಚ್ಚದೆ ಬಿಟ್ಟ ಅಂಚುಗಳಿಂದ, ಬೆನ್ನುಹಲಗೆಯ ಹಿಂಬದಿಯಿಂದ. ಕಣ್ಣಿಗೆ ಬೀಳದ ಕಡೆ ಬ್ಯಾಂಡ್ ಬೇಡ ಎಂದು ಬಡಗಿ ಹೇಳಿದರೆ ಒಪ್ಪಬೇಡಿ. ಬಾಕ್ಸಿನ ತಳ, ಗೋಡೆಯ ಕಡೆಯ ಅಂಚು, ಡ್ರಾಯರಿನ ಹಿಂಭಾಗ ಇವಕ್ಕೆ 0.8 ಮಿ.ಮೀ. ಬ್ಯಾಂಡ್ ಸಾಕು, ಕೈತಾಗುವ ಬಾಗಿಲ ಅಂಚಿಗೆ 2 ಮಿ.ಮೀ. ಬೇಕು. ಬ್ಯಾಂಡ್ ಹಾಕಲಾಗದ ಸಣ್ಣ ಕತ್ತರಿಕೆಗಳಿಗೆ ಸೀಲರ್ ಎರಡು ಕೋಟ್ ಕೊಡಿ, ಅದೂ ಬಾಕ್ಸನ್ನು ಗೋಡೆಗೆ ಕೂರಿಸುವ ಮೊದಲೇ.