ಹೊಸ ಟ್ರೇಲರ್ ತಾನೆ, ಎಲ್ಲಿ ಸೋರತ್ತೆ ಅಂತ ಸುಮ್ನಿರ್ಬೇಡಿ

ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್, ಅಂದ್ರೆ ಗಾಡಿ ಹಿಂದೆ ಕಟ್ಟಿ ಎಳ್ಕೊಂಡು ಹೋಗೋ ಪುಟ್ಟ ಮನೆ, ತಗೊಳ್ತಿರೋ ನಮ್ಮವರಿಗೆ ಹೇಳೋದು ಇಷ್ಟೆ, ಶೋರೂಮಿಂದ ಬಂದ ಗಾಡಿನೂ ಸೋರತ್ತೆ. ಮನೆ ಥರ ಒಂದೇ ಕಡೆ ನಿಂತಿರಲ್ವಲ್ಲ, ಹೈವೇಲಿ ನೂರಾರು ಮೈಲಿ ಕುಲುಕಾಡ್ಕೊಂಡು ಬರೋವಾಗ್ಲೇ ಪೈಪಿನ ನಟ್‌ಗಳು ಸಡಿಲ ಆಗಿರ್ತವೆ.

ನಮ್ಮದು ತಂದ ಎರಡನೇ ರಾತ್ರಿ ಎಲ್ಲಾ ನಲ್ಲಿ ನಿಲ್ಸಿ ಮಲಗಿದ್ವಿ, ಸ್ವಲ್ಪ ಹೊತ್ತಿಗೊಂದ್ಸಲ ವಾಟರ್ ಪಂಪ್ ಗುರ್ ಅನ್ನೋದು, ನಿಲ್ಲೋದು. ನಲ್ಲಿ ಬಿಡ್ದೇನೇ ಪಂಪ್ ಓಡ್ತಿದೆ ಅಂದ್ರೆ ಎಲ್ಲೋ ನೀರು ಹೋಗ್ತಿರ್ಬೋದು ಅಂತ ಲೆಕ್ಕ. ಟಾರ್ಚ್ ಹಿಡ್ಕೊಂಡು, ಒಣ ಟಿಶ್ಯೂನ ಒಂದೊಂದೇ ಜಾಯಿಂಟಿಗೆ ಒತ್ತಿ ನೋಡ್ತಾ ಹೋದೆ, ಟಾಯ್ಲೆಟ್ ಹಿಂದೆ ಒದ್ದೆ ಆಯ್ತು. ಕೈಯಲ್ಲೇ ಬಿಗಿ ಮಾಡ್ದೆ, ನಿಂತೋಯ್ತು. ಪ್ಲಾಸ್ಟಿಕ್ ನಟ್ ಅದು, ಸ್ಪ್ಯಾನರ್ ಹಾಕಿ ಶಕ್ತಿ ತೋರಿಸಿದ್ರೆ ಸೀಳತ್ತೆ.

ಕ್ಯಾಂಪ್‌ಗ್ರೌಂಡ್ ನಲ್ಲಿಗೆ ನೀರಿನ ಒತ್ತಡ ತಗ್ಗಿಸೋ ಪ್ರೆಶರ್ ರೆಗ್ಯುಲೇಟರ್ ಹಾಕ್ದೆ ಹೋಸ್ ಸಿಕ್ಕಿಸ್ಲೇಬೇಡಿ, 40-50 ಪಿಎಸ್ಐ ಸಾಕು. ರೆಗ್ಯುಲೇಟರ್ ನಲ್ಲಿ ಕಡೆ ಇರ್ಲಿ, ಹೋಸ್‌ಗೂ ಒಳ್ಳೇದು.

ನಿಜವಾದ ತಲೆನೋವು ಛಾವಣಿ. 3 ತಿಂಗಳಿಗೊಂದ್ಸಲ ಏಣಿ ಹಾಕಿ ನೋಡಿ, ವೆಂಟ್, ಸ್ಕೈಲೈಟ್, ಆಂಟೆನಾ ಸುತ್ತ, ಮುಂದೆ ಹಿಂದೆ ಛಾವಣಿ ಗೋಡೆ ಸೇರೋ ಅಂಚು, ಅಲ್ಲಿ ಸಂದಿ ಮುಚ್ಚೋ ಅಂಟು, ಅಂದ್ರೆ ಸೀಲೆಂಟ್, ಕೂದಲೆಳೆಯಷ್ಟು ಬಿರುಕು ಬಿಟ್ಟಿದ್ರೂ ಸಾಕು, ಮಳೆ ನೀರು ಒಳಗಿಳಿದು ಮರ ಕೊಳೆಯೋಕೆ ಶುರು, ಹೊರಗೆ ಏನೂ ಕಾಣಲ್ಲ. ಛಾವಣಿಗೆ ಹೊದಿಸಿರೋ ಹಾಳೆ ಇಪಿಡಿಎಂ ಅನ್ನೋ ರಬ್ಬರಾ, ಟಿಪಿಒ ಅನ್ನೋ ಪ್ಲಾಸ್ಟಿಕ್ಕಾ ಅಂತ ಮ್ಯಾನ್ಯುಯಲ್‌ನಲ್ಲಿ ನೋಡಿ ಅದಕ್ಕೆ ಒಪ್ಪೋ ಸೀಲೆಂಟೇ ತನ್ನಿ. ಮೇಲಿನ ಸಮತಟ್ಟು ಜಾಗಕ್ಕೆ ತಾನೇ ಹರಡ್ಕೊಳೋ ಸೆಲ್ಫ್ ಲೆವೆಲಿಂಗ್, ಪಕ್ಕದ ಗೋಡೆಗೆ ಇಳಿದುಹೋಗದ ನಾನ್ ಸ್ಯಾಗ್. ಮನೇಲಿರೋ ಸಿಲಿಕೋನ್ ಮಾತ್ರ ಬಳೀಬೇಡಿ, ಆಮೇಲೆ ಅದ್ರ ಮೇಲೆ ಬೇರೇನೂ ಸರಿಯಾಗಿ ಅಂಟಲ್ಲ, ಕೆರೆದು ಕೆರೆದು ಸಾಕಾಗತ್ತೆ. ಇಪಿಡಿಎಂ ತೊಳೆಯೋಕೆ ಪೆಟ್ರೋಲಿಯಂ ಸೇರಿರೋ ಕ್ಲೀನರೂ ಬೇಡ, ರಬ್ಬರ್ ಉಬ್ಬತ್ತೆ.

ವಾರಂಟಿ ಇದ್ರೆ ರಿಪೇರಿಗೆ ಕೈ ಹಾಕೋ ಮುಂಚೆ ಫೋಟೋ ತೆಗೆದು ಡೀಲರ್‌ಗೆ ಕಳ್ಸಿ, ಪ್ರತಿಸಲ ಚೆಕ್ ಮಾಡಿದ ತಾರೀಕೂ ಬರೆದಿಡಿ, ಸೀಲೆಂಟ್ ನೋಡ್ಕೊಳೋದು ನಿಮ್ಮ ಕೆಲ್ಸ ಅಂತ ಜಾರ್ಕೊಳೋರು ಇದಾರೆ.

ಚಳಿಗಾಲಕ್ಕೆ ನೀರೆಲ್ಲ ಖಾಲಿ ಮಾಡಿ ಪೈಪಲ್ಲಿ ನೀರು ಹೆಪ್ಪುಗಟ್ಟದ ಹಾಗೆ ತಡೆಯೋ, ಟ್ರೇಲರ್ ಥರದ ಗಾಡಿಗೇ ಅಂತ ಬರೋ ಪಿಂಕ್ ಬಣ್ಣದ ಆರ್‌ವಿ ಆ್ಯಂಟಿಫ್ರೀಜ್ ಓಡ್ಸಿ, ಕಾರಿಗೆ ಹಾಕೋ ಆ್ಯಂಟಿಫ್ರೀಜ್ ವಿಷ, ಅದು ಬೇಡವೇ ಬೇಡ. ಜೋರು ಮಳೆ ಬಂದ ಮಾರನೇ ದಿನ ಒಳಗಿನ ಮೂಲೆಗಳನ್ನ, ಕಿಟಕಿ ಕೆಳಗಿನ ಗೋಡೆನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಾಗಿದ್ರೆ ಅವತ್ತೇ ಏಣಿ ಹಾಕಿ.