121.5ರಲ್ಲಿ ಸದ್ದು ಸಾಯುವ ದಿಕ್ಕು

ನಾನು ಅಮೆರಿಕದಲ್ಲಿ ಸಿವಿಲ್ ಏರ್ ಪಟ್ರೋಲ್‌ನ ಸ್ವಯಂಸೇವಕ. 1941ರಲ್ಲಿ ಶುರುವಾದ ಸಂಸ್ಥೆ ಇದು, ಅಲ್ಲಿನ ವಾಯುಪಡೆಯ ಸಹಾಯಕ ಪಡೆ. ಹಗಲು ಎಲ್ಲರ ಹಾಗೆ ಆಫೀಸ್ ಕೆಲಸ. ರಾತ್ರಿ ಫೋನ್ ಬಂದರೆ ಬ್ಯಾಗ್ ಎತ್ತಿಕೊಂಡು ಹೊರಡುವುದು. ಊರಿಂದ ಗೆಳೆಯರು ಬಿದ್ದ ವಿಮಾನಗಳನ್ನು ಹೇಗೆ ಹುಡುಕ್ತೀರಿ, ಯಾವ ರೇಡಿಯೋ ಫ್ರೀಕ್ವೆನ್ಸಿ ಬಳಸ್ತೀರಿ ಅಂತ ಕೇಳ್ತಾನೇ ಇರುತ್ತಾರೆ. ಹಾಗಾಗಿ ನಾನು ಕಲಿತ ರೀತಿಯಲ್ಲೇ ಬರೆಯುತ್ತಿದ್ದೇನೆ.

ಸಣ್ಣ ವಿಮಾನಗಳಲ್ಲಿ ಬಾಲದ ಹತ್ತಿರ ಇಎಲ್‌ಟಿ ಅನ್ನುವ ಪುಟ್ಟ ಪೆಟ್ಟಿಗೆ ಇರುತ್ತದೆ, ಅಪಾಯದಲ್ಲಿ ರೇಡಿಯೋ ಸಿಗ್ನಲ್ ಕಳಿಸುವಂಥದ್ದು. ವಿಮಾನ ಬಿದ್ದರೆ ಆ ಹೊಡೆತಕ್ಕೆ ಅದು ತಾನಾಗೇ ಆನ್ ಆಗುತ್ತದೆ. ಈಗಿನ ಇಎಲ್‌ಟಿಗಳು ಎರಡು ಫ್ರೀಕ್ವೆನ್ಸಿಗಳಲ್ಲಿ ಕೂಗುತ್ತವೆ. 406 ಮೆಗಾಹರ್ಟ್ಸ್‌ನಲ್ಲಿ ಸುಮಾರು 50 ಸೆಕೆಂಡಿಗೊಮ್ಮೆ, ಅರ್ಧ ಸೆಕೆಂಡು ಮಾತ್ರ, 5 ವ್ಯಾಟ್‌ನಲ್ಲಿ. ಇದು ಉಪಗ್ರಹಕ್ಕೆ. ಅದರಲ್ಲಿ ಆ ಪೆಟ್ಟಿಗೆಯ ಗುರುತಿನ ಸಂಖ್ಯೆ ಇರುತ್ತದೆ. ಇನ್ನೊಂದು 121.5 ಮೆಗಾಹರ್ಟ್ಸ್‌ನಲ್ಲಿ, ಸುಮಾರು ವ್ಯಾಟಿನ ಹತ್ತನೇ ಒಂದು ಭಾಗದಷ್ಟು ಶಕ್ತಿಯಲ್ಲಿ, ಬಿಡದೆ ಕೂಗುತ್ತಲೇ ಇರುತ್ತದೆ. ಇದು ನಮ್ಮಂಥ ನೆಲದ ಮೇಲಿನವರಿಗೆ. ಮೊದಲು ಉಪಗ್ರಹಗಳು 121.5 ಅನ್ನೂ ಕೇಳುತ್ತಿದ್ದವು, 2009ರ ಫೆಬ್ರವರಿ 1ರಿಂದ ನಿಲ್ಲಿಸಿದವು. ಅಂದರೆ 121.5ರಲ್ಲಷ್ಟೇ ಕೂಗುವ ಹಳೆಯ ಇಎಲ್‌ಟಿ ಮಾತ್ರ ಇರುವ ವಿಮಾನ ಬಿದ್ದರೆ, ಮೇಲೆ ಹಾರುತ್ತಿರುವ ಯಾರಾದರೂ 121.5 ಹಾಕಿಕೊಂಡಿದ್ದರಷ್ಟೇ ಗೊತ್ತಾಗುವುದು. ಇದು ನನಗೆ ಈಗಲೂ ಸಂಕಟದ ವಿಷಯ.

ಅಂದಹಾಗೆ, ಈ ಉಪಗ್ರಹ ಜಾಲದ ಭಾರತದ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ, ಉಪಗ್ರಹಗಳ ಮೇಲೆ ಕಣ್ಣಿಡುವ ಇಸ್ರೋದ ಇಸ್ಟ್ರಾಕ್‌ನಲ್ಲಿ. ಇದು ಗೊತ್ತಾದ ದಿನ ತುಂಬಾ ಖುಷಿಯಾಗಿತ್ತು.

ನನ್ನ ಮೊದಲ ಕರೆ ಬಂದಾಗ ರಾತ್ರಿ ಹನ್ನೊಂದೂವರೆ. ಒಂದು ಸಣ್ಣ ಏರ್‌ಪೋರ್ಟ್ ಸುತ್ತಮುತ್ತ 406 ಸಿಗ್ನಲ್ ಇದೆ, ಆದರೆ ಪೆಟ್ಟಿಗೆಯನ್ನು ಯಾರೂ ರಿಜಿಸ್ಟರ್ ಮಾಡಿಸಿಲ್ಲ, ಹಾಗಾಗಿ ಫೋನ್ ಮಾಡಿ ಕೇಳೋಣ ಅಂದರೆ ಮಾಲೀಕ ಯಾರು ಅಂತಲೇ ಗೊತ್ತಿಲ್ಲ. ನಾವು ಮೂವರು ಹೋದೆವು. ಗೇಟಿನ ಹತ್ತಿರ ರೇಡಿಯೋ ಆನ್ ಮಾಡಿದ ಕೂಡಲೇ ಕೇಳಿಸಿತು. ಮೇಲಿನಿಂದ ಕೆಳಕ್ಕೆ ಜಾರುವ ಕೂಗು, ಸೆಕೆಂಡಿಗೆ ಎರಡು ಮೂರು ಸಲ. ಒಮ್ಮೆ ಕೇಳಿದರೆ ಮರೆಯುವ ಸದ್ದಲ್ಲ ಅದು. (ವಿಮಾನಗಳ ಬ್ಯಾಂಡ್ ಎಎಂ. ಎಫ್‌ಎಂ ಮಾತ್ರ ಇರುವ ಹ್ಯಾಮ್ (ಹವ್ಯಾಸಿ ರೇಡಿಯೋ) ಸೆಟ್ ತಂದರೆ ಈ ಕೂಗು ಸರಿಯಾಗಿ ಕೇಳಿಸುವುದಿಲ್ಲ. ಕೊಳ್ಳುವ ಮೊದಲು ನೋಡಿಕೊಳ್ಳಿ.)

ನಾನು ಸದ್ದು ಜಾಸ್ತಿ ಇರುವ ಕಡೆಗೇ ನಡೆಯುತ್ತಾ ಹೋದೆ, ವಿಮಾನ ನಿಲ್ಲಿಸುವ ಒಂದು ದೊಡ್ಡ ತಗಡಿನ ಶೆಡ್, ಅಂದರೆ ಹ್ಯಾಂಗರ್, ಅದರ ಮುಂದೆ ನಿಂತೆ, ಇದೇ ಅಂತ ಹಟ ಹಿಡಿದೆ. ಮುಕ್ಕಾಲು ಗಂಟೆ ಹೋಯಿತು. ಒಳಗೆ ವಿಮಾನವೇ ಇರಲಿಲ್ಲ. ತಗಡಿಗೆ ಬಡಿದು ವಾಪಸ್ ಬರುತ್ತಿದ್ದ ಸಿಗ್ನಲ್ ಅದು. ನಿಜವಾಗಿ ಯಾರಾದರೂ ಗಾಯಗೊಂಡು ಬಿದ್ದಿದ್ದರೆ ಆ ಮುಕ್ಕಾಲು ಗಂಟೆ ಏನಾಗುತ್ತಿತ್ತು ಅಂತ ಯೋಚಿಸಿ ಆ ರಾತ್ರಿ ಮೈ ನಡುಗಿತ್ತು.

ಜೊತೆಗಿದ್ದ ಹಿರಿಯರು ಆಗ ನಿಜವಾದ ಪಾಠ ಹೇಳಿಕೊಟ್ಟರು. ರೇಡಿಯೋವನ್ನು ಎದೆಗೆ ಒತ್ತಿ ಹಿಡಿದುಕೊಂಡು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಬೇಕು. ಒಂದು ಕಡೆ ಸದ್ದು ಸಾಯುತ್ತದೆ, ನಮ್ಮ ಮೈ ಅಡ್ಡ ಬಂದಿರುತ್ತದೆ. ಹಾಗಾದಾಗ ಪೆಟ್ಟಿಗೆ ಇರುವುದು ಬೆನ್ನ ಹಿಂದೆ. ಜೋರಾದ ಸದ್ದು ಅಗಲವಾಗಿ ಹರಡಿರುತ್ತದೆ, ದಿಕ್ಕು ಸಿಗುವುದಿಲ್ಲ. ಸದ್ದು ಸಾಯುವ ಜಾಗ ಮಾತ್ರ ಕಿರಿದು. ನನಗೆ ತಟ್ಟನೆ ಅಜ್ಜಿಮನೆ ನೆನಪಾಯಿತು. ಭದ್ರಾವತಿ ಸ್ಟೇಷನ್ ಹಿಡಿಯಲು ಟ್ರಾನ್ಸಿಸ್ಟರನ್ನು ಅತ್ತ ಇತ್ತ ತಿರುಗಿಸುತ್ತಿದ್ದೆವಲ್ಲ, ಒಂದು ಕಡೆ ತಿರುಗಿಸಿದರೆ ಹಾಡೇ ಮಾಯವಾಗುತ್ತಿತ್ತು, ಅಲ್ವಾ? ಅಲ್ಲಿ ಒಳಗಿನ ಆಂಟೆನಾ ತಿರುಗುತ್ತಿತ್ತು, ಇಲ್ಲಿ ಮೈಯೇ ಗೋಡೆ. ಆದರೆ ಕಿವಿ ಮಾಡುವ ಕೆಲಸ ಒಂದೇ.

ಮೂರು ಕಡೆ ನಿಂತು ಹೀಗೆ ದಿಕ್ಕು ತೆಗೆದೆವು, ಹ್ಯಾಂಗರ್‌ಗಳಿಂದ ದೂರ, ಬಯಲಿನಲ್ಲಿ. ನಕ್ಷೆಯ ಮೇಲೆ ಗೆರೆ ಎಳೆದಾಗ ಮೂರೂ ಗೆರೆ ರನ್‌ವೇ ಆಚೆ ವಿಮಾನಗಳನ್ನು ಕಟ್ಟಿಹಾಕುವ ಜಾಗದ ಹತ್ತಿರ ಕೂಡಿದವು. ಅಲ್ಲಿಗೆ ಹೋದರೆ ಇನ್ನೊಂದು ತೊಂದರೆ. ತೀರಾ ಹತ್ತಿರ ಬಂದಾಗ ಎತ್ತ ತಿರುಗಿದರೂ ಸದ್ದು ಅಷ್ಟೇ ಜೋರು. ಆಗ ಡಯಲ್ಲನ್ನು ಬೇಕೆಂದೇ ಸ್ವಲ್ಪ ಪಕ್ಕಕ್ಕೆ, 121.6ಕ್ಕೆ, ಸರಿಸಿದೆವು. ಸಿಗ್ನಲ್ ಕುಗ್ಗಿತು, ದಿಕ್ಕು ಮತ್ತೆ ಸಿಕ್ಕಿತು. ಕೊನೆಗೆ ಆಂಟೆನಾವನ್ನೇ ಬಿಚ್ಚಿ, ಒಂದೊಂದೇ ವಿಮಾನದ ಬಾಲಕ್ಕೆ ರೇಡಿಯೋ ಹತ್ತಿರ ಹಿಡಿಯುತ್ತಾ ಹೋದೆವು. ನಾಲ್ಕನೆಯದರಲ್ಲಿ ಇತ್ತು. ಸಂಜೆ ಇಳಿಯುವಾಗ ಜೋರಾಗಿ ನೆಲಕ್ಕೆ ಬಡಿದಿತ್ತಂತೆ, ಪೈಲಟ್ ಹಾಗೇ ಕಟ್ಟಿಹಾಕಿ ಮನೆಗೆ ಹೋಗಿದ್ದರು.

ಆಕಾಶದಿಂದ ಹುಡುಕುವಾಗಲೂ ಇದೇ ಉಪಾಯ. ನಮ್ಮದು ಸೆಸ್ನಾ 182 ಅನ್ನುವ ಸಣ್ಣ ವಿಮಾನ. ಪೈಲಟ್ ವಾಲಿಸಿ ಸುತ್ತು ಹಾಕುತ್ತಾರೆ, ರೆಕ್ಕೆ ಆಂಟೆನಾಕ್ಕೂ ಪೆಟ್ಟಿಗೆಗೂ ನಡುವೆ ಬಂದಾಗ ಕೂಗು ಕರಗುತ್ತದೆ. ದಿಕ್ಕು ತೋರಿಸುವ ಯಂತ್ರವೂ ಇದೆ, ಆದರೆ ಅದು ಕೈಕೊಟ್ಟ ದಿನ ಕಿವಿಯೇ ಗತಿ. ಒಂದೇ ಜಾಗದಲ್ಲಿ ಬೇರೆ ಬೇರೆ ತಂಡದ ವಿಮಾನಗಳು ಹುಡುಕುತ್ತಿದ್ದರೆ ಪರಸ್ಪರ ಮಾತಿಗೆ 123.1. ತರಬೇತಿಯ ಪೆಟ್ಟಿಗೆಗಳಿಗೆ 121.775. ಅಭ್ಯಾಸಕ್ಕೆ ಎಂದೂ 121.5 ಬಳಸಬಾರದು, ನಿಜವಾಗಿ ಬಿದ್ದವರ ಕೂಗು ಅದರಡಿ ಮುಚ್ಚಿಹೋಗುತ್ತದೆ. ವಿಮಾನದ ಮಾಲೀಕರು ಹಳೆಯ 121.5 ಇಎಲ್‌ಟಿ ಪರೀಕ್ಷಿಸುವುದಿದ್ದರೆ ಪ್ರತಿ ಗಂಟೆಯ ಮೊದಲ ಐದು ನಿಮಿಷದಲ್ಲಿ, ಮೂರು ಕೂಗಿಗಿಂತ ಜಾಸ್ತಿ ಬೇಡ. ನಮ್ಮ ಸಂಸ್ಥೆಯ ಸ್ವಂತ ಚಾನೆಲ್‌ಗಳ ಸಂಖ್ಯೆ ಇಲ್ಲಿ ಬರೆಯುವುದಿಲ್ಲ, ಅದು ಹೊರಗೆ ಹೇಳುವಂಥದ್ದಲ್ಲ.

ಟ್ರೆಕ್ಕಿಂಗ್‌ಗೆ ಅಂತ 406 ಬೀಕನ್ (ಇದೇ ರೀತಿ ಉಪಗ್ರಹಕ್ಕೆ ಕೂಗುವ ಪುಟ್ಟ ಪೆಟ್ಟಿಗೆ) ತೆಗೆದುಕೊಂಡಿದ್ದೀರಾ? ದಯವಿಟ್ಟು ಇವತ್ತೇ ರಿಜಿಸ್ಟರ್ ಮಾಡಿಸಿ, ಫೋನ್ ನಂಬರ್ ಬದಲಾದರೆ ತಿದ್ದಿಸಿ. ಆ ರಾತ್ರಿ ಒಂದು ಫೋನ್ ನಂಬರ್ ಇದ್ದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು.

ಮಾಲೀಕರು ಬಂದು ಸ್ವಿಚ್ ಆಫ್ ಮಾಡಿದಾಗ ಎರಡೂವರೆ ಗಂಟೆ. ನಾನು ಬ್ಯಾಗ್ ಕಟ್ಟಲು ಹೋದೆ, ಹಿರಿಯರು ತಡೆದರು. ಆಂಟೆನಾ ಮತ್ತೆ ಸಿಕ್ಕಿಸಿ, 121.5ಕ್ಕೆ ವಾಪಸ್ ತಂದು, ಹತ್ತು ನಿಮಿಷ ಸುಮ್ಮನೆ ಕೇಳುತ್ತಾ ನಿಂತೆವು. ಒಂದು ಜೋರಾದ ಕೂಗಿನ ಹಿಂದೆ ಇನ್ನೊಂದು ಸಣ್ಣ ಕೂಗು ಅಡಗಿರಬಹುದು ಅಂತ. ಬರೀ ಸ್‌ಸ್ ಅನ್ನುವ ಗಾಳಿಯ ಸದ್ದು. ಆಮೇಲೆಯೇ ನೆಲೆಗೆ ಫೋನ್ ಮಾಡಿದ್ದು.